ಜಂಗಮ, ಗುಳೆ, ವಲಸಿಗ, ಅಲೆಮಾರಿ: ಚಲಿಸುವವರಿಗೆ ನಾವಿಟ್ಟ ಹೆಸರುಗಳ ಪದಕೋಶ

ನಂಬರ್ ಬದಲಿಸದೆ ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಸಿಕ್ಕಿದ್ದು 2011ರ ಜನವರಿಯಲ್ಲಿ. ಒಂದು ರಾಜ್ಯದ ರೇಷನ್ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲಿ ಅಕ್ಕಿ-ಗೋಧಿ ಕೊಡುವ ವ್ಯವಸ್ಥೆ ಎಲ್ಲ ರಾಜ್ಯಗಳನ್ನೂ ಮುಟ್ಟಿದ್ದು 2022ರ ಜೂನ್‌ನಲ್ಲಿ. ವೋಟಿಗೆ ಈ ಸೌಲಭ್ಯ ಇನ್ನೂ ಬಂದಿಲ್ಲ. ಸಿಮ್ ಕಾರ್ಡಿಗೆ ಮೊದಲು, ಹೊಟ್ಟೆಗೆ ಆಮೇಲೆ, ಮತಕ್ಕೆ ನೋಡೋಣ ಅನ್ನೋದು ನಮ್ಮ ಪ್ರಭುತ್ವ ಹಾಕಿಕೊಂಡ ಸರದಿ.

2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದ್ರೆ ಎಸ್‌ಐಆರ್ ನಡೆದಾಗ ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿದ್ದುಹೋದವು. ಅದರಲ್ಲಿ ಸುಮಾರು 22 ಲಕ್ಷ ಜನ ಸತ್ತವರು ಅಂತ ಆಯೋಗ ಹೇಳಿತು. ಅದಕ್ಕಿಂತ ದೊಡ್ಡ ಗುಂಪು, ಸುಮಾರು 36 ಲಕ್ಷ, 'ಶಾಶ್ವತವಾಗಿ ಸ್ಥಳಾಂತರಗೊಂಡವರು ಅಥವಾ ಪತ್ತೆಯಾಗದವರು'. ದುಡಿಯೋಕೆ ಹೋಗಿ ಛಟ್ ಹಬ್ಬಕ್ಕೆ ಊರಿಗೆ ಬರುವವನು 'ಶಾಶ್ವತವಾಗಿ ಸ್ಥಳಾಂತರಗೊಂಡವನು' ಆಗ್ತಾನಾ? ಅದು ಬಾಗಿಲು ತಟ್ಟಿದ ದಿನ ಅವನು ಮನೆಯಲ್ಲಿ ಇದ್ದನೋ ಇಲ್ಲವೋ ಎನ್ನುವುದರ ಮೇಲೂ, ಗುಮಾಸ್ತ ಯಾವ ಕಾಲಮ್ಮಿನಲ್ಲಿ ಟಿಕ್ ಹಾಕಿದ ಎನ್ನುವುದರ ಮೇಲೂ ನಿಂತಿದೆ. ಈ ಪರಿಷ್ಕರಣೆಯನ್ನು ದೇಶಕ್ಕೆಲ್ಲ ಮಾಡುವುದಾಗಿ ಆಯೋಗ ತನ್ನ ಮೊದಲ ಆದೇಶದಲ್ಲೇ ಹೇಳಿದೆ.

ಹಾಗಾಗಿ ಚಲಿಸುವವರಿಗೆ ನಾವು ಬಳಸುವ ಪದಗಳನ್ನು ಒಂದು ಕಡೆ ಜೋಡಿಸಿ ನೋಡೋಣ ಅನ್ನಿಸಿತು. ಇದು ಪೂರ್ತಿ ಪಟ್ಟಿ ಅಲ್ಲ. ರಾಜಕೀಯ ಚರ್ಚೆಯಲ್ಲಿ ದಿನಾ ಕಿವಿಗೆ ಬೀಳುವ, ಆದರೆ ನಾವು ಯೋಚಿಸದೆ ಬಳಸುವ ಕೆಲವು ಪದಗಳು ಮಾತ್ರ ಇಲ್ಲಿವೆ.

ಸ್ಥಾವರ, ಜಂಗಮ

ಕನ್ನಡದಲ್ಲಿ ಈ ವಿಷಯದ ಮೇಲೆ ನಡೆದ ಅತಿ ದೊಡ್ಡ ಜಗಳ ಹನ್ನೆರಡನೇ ಶತಮಾನದ್ದು. 'ಗಮ್' ಅಂದ್ರೆ ಹೋಗು. ಜಂಗಮ ಅಂದ್ರೆ ಚಲಿಸುವಂಥದ್ದು. 'ಸ್ಥಾ' ಅಂದ್ರೆ ನಿಲ್ಲು. ಸ್ಥಾವರ ಅಂದ್ರೆ ನಿಂತದ್ದು. ಅಲ್ಲಿಯವರೆಗೆ ಗುಡ್ಡ, ಗಿಡ, ಪ್ರಾಣಿಗಳನ್ನು ವಿಂಗಡಿಸುವ ಸಪ್ಪೆ ಶಾಸ್ತ್ರಪದಗಳಾಗಿದ್ದ ಇವನ್ನು ವಚನಕಾರರು ರಾಜಕೀಯದ ಪದಗಳನ್ನಾಗಿ ಮಾಡಿದರು. ಕಲ್ಲಿನ ಗುಡಿ ಸ್ಥಾವರ, ದುಡ್ಡಿರುವವರು ಕಟ್ಟಿಸೋದು. ನಡೆದಾಡುವ ಮನುಷ್ಯ, ಅವನ ಅರಿವು ಜಂಗಮ. ಮೇಲಿನ ಸ್ಥಾನ ಜಂಗಮಕ್ಕೆ. ಬೇರೆ ಎಷ್ಟೋ ಕಡೆ ಊರಿಲ್ಲದೆ ತಿರುಗುವವನು ಕೀಳು. ಇಲ್ಲಿ ಒಂದು ಚಳವಳಿಯೇ ಅದನ್ನು ತಿರುಗಿಸಿ ಹಾಕಿತ್ತು.

ಆಮೇಲೆ ಏನಾಯ್ತು ನೋಡಿ. ಜಂಗಮ ಅನ್ನೋದು ಮಠ, ಪೌರೋಹಿತ್ಯ, ಹುಟ್ಟಿನಿಂದ ಬರುವ ಜಾತಿಯ ಹೆಸರಾಗಿ ನಿಂತುಬಿಟ್ಟಿತು. ಈಗ ಆ ಪದದ ಮೇಲೆ ಇನ್ನೊಂದು ಜಗಳ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಬೇಡ ಜಂಗಮ, ಬುಡ್ಗ ಜಂಗಮ' ಎಂಬ ಅಲೆಮಾರಿ ಸಮುದಾಯದ ಹೆಸರಿದೆ. ವೀರಶೈವ ಜಂಗಮರಲ್ಲಿ ಕೆಲವರು, ಭಿಕ್ಷೆ ಬೇಡುವ ಜಂಗಮ ಅಂದ್ರೆ ನಾವೇ, ನಮಗೂ ಆ ಪ್ರಮಾಣಪತ್ರ ಕೊಡಿ ಅಂತ ವರ್ಷಗಳಿಂದ ಕೇಳುತ್ತಿದ್ದಾರೆ. ದಲಿತ ಮತ್ತು ಅಲೆಮಾರಿ ಸಂಘಟನೆಗಳು ಅದನ್ನು ವಿರೋಧಿಸುತ್ತಿವೆ. ನನಗಂತೂ ಇದರಲ್ಲಿ ಗೊಂದಲ ಇಲ್ಲ. ಮಠ-ಮನೆಯಲ್ಲಿ ಪಾದಪೂಜೆ ಮಾಡಿಸಿಕೊಂಡ ಜಂಗಮನಿಗೂ, ವೇಷ ಹಾಕಿ ಬುಡಬುಡಿಕೆ ಹಿಡಿದು ಊರಾಚೆ ಗುಡಾರದಲ್ಲಿ ಮಲಗಿದ ಜಂಗಮನಿಗೂ ಸಮಾನವಾಗಿರೋದು ಮೂರಕ್ಷರ ಮಾತ್ರ.

ಸ್ಥಾವರದ ಕಥೆ ತಮಾಷೆಯದು. ಇವತ್ತು ಅದು ವಿದ್ಯುತ್ ಇಲಾಖೆಯ ಪದ. ಕೈಗಾ ಅಣು ವಿದ್ಯುತ್ ಸ್ಥಾವರ, ರಾಯಚೂರು ಶಾಖೋತ್ಪನ್ನ ಸ್ಥಾವರ. ಮೊಬೈಲ್ ಬಂದ ಹೊಸದರಲ್ಲಿ ಪಂಡಿತರು 'ಜಂಗಮವಾಣಿ' ಅಂದರು. ಲಗ್ನಪತ್ರಿಕೆಗಳಲ್ಲಿ ಆ ಪದ ಇನ್ನೂ ಜೀವ ಹಿಡಿದುಕೊಂಡಿದೆ.

ಚರ, ಸ್ಥಿರ

ಚುನಾವಣೆಗೆ ನಿಂತವರ ಅಫಿಡವಿಟ್ಟಿನಲ್ಲಿ ನಾವೆಲ್ಲ ಮೊದಲು ಹುಡುಕೋದು ಈ ಎರಡು ಪದಗಳನ್ನೇ: ಚರಾಸ್ತಿ ಎಷ್ಟು, ಸ್ಥಿರಾಸ್ತಿ ಎಷ್ಟು. ಕಾನೂನಿನಲ್ಲಿ ಚರಾಸ್ತಿಗೆ ಸ್ವಂತ ವ್ಯಾಖ್ಯೆಯೇ ಇಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆ, ಸ್ಥಿರಾಸ್ತಿ ಅಲ್ಲದ್ದೆಲ್ಲ ಚರಾಸ್ತಿ ಅಂದು ಮುಗಿಸುತ್ತೆ. ಸ್ಥಿರಾಸ್ತಿ ಅಂದ್ರೆ ಭೂಮಿ, ಮತ್ತು ಭೂಮಿಗೆ ಅಂಟಿಕೊಂಡದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಇದರಿಂದ ಕಡಿಯಲು ಸಿದ್ಧವಾದ ದಿಮ್ಮಿಮರ, ನಿಂತ ಬೆಳೆ, ಹುಲ್ಲನ್ನು ಹೊರಗಿಡುತ್ತೆ. ಅಂದ್ರೆ ಬೇರು ಬಿಟ್ಟು ನಿಂತ ತೇಗದ ಮರವನ್ನೂ ಕಾನೂನು ಚರ ಅಂತ ಕರೆಯಬಹುದು, ಅದು ಮಾರಾಟಕ್ಕೆ ಹೊರಟಿದ್ದರೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಅಲ್ಲೂ ಇದೇ ವಿಂಗಡಣೆ. ಕಟ್ಟಡದ ಗೋಡೆ, ತೊಲೆ, ಚಾವಣಿಯ ತೂಕ 'ಡೆಡ್ ಲೋಡ್'. ಅದರೊಳಗೆ ಓಡಾಡುವ ಜನ, ಎತ್ತಿಡಬಹುದಾದ ಸಾಮಾನು 'ಲೈವ್ ಲೋಡ್'. ಐಎಸ್ 875ರ ಎರಡನೇ ಭಾಗ ಇದನ್ನು 'ಇಂಪೋಸ್ಡ್ ಲೋಡ್' ಅನ್ನುತ್ತೆ, ಹೇರಿದ ಭಾರ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಲೆಕ್ಕ ಹಿಡೀತೀವಿ. ಬೆಂಗಳೂರಿನ ನೀರು, ಕಸ, ಟ್ರಾಫಿಕ್ ಬಗ್ಗೆ ಮಾತಾಡುವವರು 'ತೇಲುವ ಜನಸಂಖ್ಯೆ'ಯ ಹೊರೆ ಅಂದಾಗೆಲ್ಲ ನನಗೆ ಆ ಕೋಷ್ಟಕ ನೆನಪಾಗುತ್ತೆ. ಗೋಡೆ ಕಟ್ಟಿದವರೇ ಹೇರಿದ ಭಾರ.

ಗುಳೆ

ಇದು ಸರ್ಕಾರ ಕೊಟ್ಟ ಪದ ಅಲ್ಲ, ಜನರ ಪದ. ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ ಕಡೆ ಮಳೆ ಕೈಕೊಟ್ಟರೆ, ಬೆಳೆ ಹೋದರೆ, ಸಾಲ ಕುತ್ತಿಗೆಗೆ ಬಂದರೆ ಮನೆಗೆ ಬೀಗ ಹಾಕಿ ಹೊರಡೋದು ಗುಳೆ. ಹಳೆಯ ಬಳಕೆಯಲ್ಲಿ ಭಯಕ್ಕೋ ಬರಕ್ಕೋ ಊರು ಖಾಲಿ ಮಾಡಿ ಹೋಗೋದಕ್ಕೂ ಇದೇ ಪದ. ಬೆಂಗಳೂರು, ಮುಂಬೈ, ಪುಣೆ, ಗೋವಾ ದಾರಿ. 'ಎಲ್ಲಿ ಹೋಗ್ಯಾರ?' ಅಂದ್ರೆ 'ದುಡಿಯಾಕ ಹೋಗ್ಯಾರ' ಅಂತಾರೆ. ಪತ್ರಿಕೆಯವರು 'ಗುಳೆ ಹೋದರು' ಅಂತ ಬರೀತಾರೆ. ಈ ಎರಡರ ನಡುವೆ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಹೋದವರಿಗೆ ಒಂದು ಉದ್ದೇಶ ಇದೆ. ಎರಡನೆಯದರಲ್ಲಿ ಅವರಿಗೆ ಏನೋ ಆಗಿಹೋಗಿದೆ.

ಕರಾವಳಿಯಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದು ಆಮೇಲೆ ಸ್ವಂತ ಹೋಟೆಲ್ ಇಟ್ಟವರ ಬಗ್ಗೆ 'ಗುಳೆ' ಅಂತ ಯಾರೂ ಬರೆದದ್ದು ನಾನು ನೋಡಿಲ್ಲ. ಅವರೂ ಹೊಟ್ಟೆಪಾಡಿಗೇ ಹೋದವರು. ಆದ್ರೆ ಅದು 'ಸಾಹಸ', 'ಉದ್ಯಮಶೀಲತೆ'.

ಕಾನೂನಿನಲ್ಲಿ ಗುಳೆಗೆ ಜಾಗ ಇರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಹೆಸರೇ ಹೇಳುವ ಹಾಗೆ, ರಾಜ್ಯದ ಗಡಿ ದಾಟಿದವರಿಗೆ ಮಾತ್ರ; ಅದೂ ಗುತ್ತಿಗೆದಾರನ ಮೂಲಕ ಹೋದವರಿಗೆ. ಯಾದಗಿರಿಯಿಂದ ಬೆಂಗಳೂರಿಗೆ ಬಂದು ಮೆಟ್ರೊ ಕಂಬದ ಪಕ್ಕ ತಗಡಿನ ಶೆಡ್ಡಿನಲ್ಲಿರುವ ಕುಟುಂಬ ಆ ಕಾಯ್ದೆಯ ಕಣ್ಣಿಗೆ ವಲಸೆ ಬಂದದ್ದೇ ಅಲ್ಲ. ಆ ಕಾಯ್ದೆಯಲ್ಲಿ ಒಂದು ಒಳ್ಳೆ ಅಂಶ ಇತ್ತು: ಸ್ಥಳಾಂತರ ಭತ್ಯೆ, ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ಊರು ಬಿಡೋದೇ ಒಂದು ನಷ್ಟ ಅಂತ ಒಪ್ಪಿಕೊಂಡ ಕಲಮು ಅದು. 2020ರ ಕಾರ್ಮಿಕ ಸಂಹಿತೆಯಲ್ಲಿ ಊರಿಗೆ ಹೋಗಿಬರುವ ಖರ್ಚಿನ ಮಾತು ಉಳೀತು, ಸ್ಥಳಾಂತರ ಭತ್ಯೆ ಬಿದ್ದುಹೋಯ್ತು.

ವಲಸಿಗ

ವಲಸೆ ಹಕ್ಕಿ ಬಂದ್ರೆ ಕ್ಯಾಮೆರಾ ಹಿಡಿದು ಓಡ್ತೀವಿ. ವಲಸೆ ಕಾರ್ಮಿಕ ಬಂದ್ರೆ ಆಧಾರ್ ಕೇಳ್ತೀವಿ. ಇದೇ ಪದ ವಿಧಾನಸೌಧದಲ್ಲಿ ಇನ್ನೊಂದು ಅರ್ಥ ಪಡೆಯಿತು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಉರುಳಿದಾಗ 17 ಶಾಸಕರು ಅನರ್ಹರಾದರು. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು, ಮತ್ತೆ ಚುನಾವಣೆಗೆ ನಿಲ್ಲಲು ದಾರಿ ಬಿಟ್ಟಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ 15ರಲ್ಲಿ 12 ಸ್ಥಾನ ಬಿಜೆಪಿಗೆ. ಆಮೇಲೆ ವರ್ಷಗಟ್ಟಲೆ ಪತ್ರಿಕೆಗಳಲ್ಲಿ 'ಮೂಲ' ಮತ್ತು 'ವಲಸಿಗ' ಎಂಬ ಎರಡು ಬಣ. ಇವರು ಊರು ಬಿಟ್ಟವರಲ್ಲ, ಕ್ಷೇತ್ರ ಬಿಟ್ಟವರಲ್ಲ, ವಿಮಾನದಲ್ಲಿ ಮುಂಬೈ ಹೋಟೆಲಿಗೆ ಹೋಗಿ ಬಂದವರು. ವಲಸಿಗ ಸಚಿವ ಅನ್ನಿಸಿಕೊಳ್ಳೋಕೆ ಯಾರಿಗೂ ಅಷ್ಟೇನೂ ಬೇಜಾರಾದ ಹಾಗೆ ಕಾಣಲಿಲ್ಲ.

ಅದಾಗಿ ಒಂದೇ ತಿಂಗಳಿಗೆ, 2020ರ ಜನವರಿಯಲ್ಲಿ, ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿರೋರು 'ಅಕ್ರಮ ಬಾಂಗ್ಲಾ ವಲಸಿಗರು' ಅನ್ನೋದು ಆರೋಪ. ಶೆಡ್ಡು ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾದವರು ಇದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ತೆರವಿಗೆ ತಡೆ ಕೊಟ್ಟಿತು, ಆದ್ರೆ ಅಷ್ಟರಲ್ಲಿ ಗುಡಿಸಲು ನೆಲಕ್ಕೆ ಬಿದ್ದಾಗಿತ್ತು. ಕನ್ನಡ ಮಾತಾಡುವ ಗುಳೆಯವನನ್ನು ಬಾಂಗ್ಲಾದೇಶಿ ಮಾಡೋಕೆ ತಗಡಿನ ಚಾವಣಿ ಒಂದಿದ್ದರೆ ಸಾಕಾಗಿತ್ತು.

ಇನ್ನೊಂದು ವಿಚಿತ್ರ ಅದೇ ವರ್ಷ ಮೇ ತಿಂಗಳಲ್ಲಿ ನಡೆಯಿತು. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ಹೊರರಾಜ್ಯದ ಕಾರ್ಮಿಕರಿಗೆ ಶ್ರಮಿಕ ರೈಲು ಬಿಟ್ಟಿದ್ದರು. ಮೇ 5ರಂದು ಮುಖ್ಯಮಂತ್ರಿ ಬಿಲ್ಡರುಗಳ ಪ್ರತಿನಿಧಿಗಳ ಜೊತೆ ಮಾತಾಡಿದರು. ಅದರ ಬೆನ್ನಿಗೇ ರಾಜ್ಯ ಸರ್ಕಾರ ರೈಲು ಬೇಡ ಅಂತ ರೈಲ್ವೆಗೆ ಬರೆಯಿತು. ದೇಶದ ತುಂಬ ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಹಿಂದೆ ಸರಿಯಿತು. ಬೇಕಾದಾಗ ಬರಬೇಕಾದ, ಬೇಡವಾದಾಗ ಹೋಗಬೇಕಾದ ಇವರು ಆ ಎರಡು ದಿನ ಕಟ್ಟಡಕ್ಕೆ ಅಂಟಿದ ಸ್ಥಿರಾಸ್ತಿ ಆಗಿದ್ದರು.

ಸಣ್ಣ ಪಕ್ಕಟಿಪ್ಪಣಿ: ಹಿಂದಿ ಸುದ್ದಿಯಲ್ಲಿ ವಲಸೆ ಕಾರ್ಮಿಕನಿಗೆ 'ಪ್ರವಾಸಿ ಮಜ್ದೂರ್' ಅಂತಾರೆ. ಕನ್ನಡದಲ್ಲಿ ಪ್ರವಾಸಿ ಅಂದ್ರೆ ಹಂಪಿ ನೋಡೋಕೆ ಬಂದವನು. ಮತ್ತೆ 'ಅನಿವಾಸಿ' ಅಂದ್ರೆ ಅಕ್ಷರಶಃ ವಾಸ ಇಲ್ಲದವನು. ಆದರೂ ಅನಿವಾಸಿ ಕನ್ನಡಿಗರಿಗೆ ಶಾಲು, ಫಲಕ, ಸಮ್ಮೇಳನ.

ಅಲೆಮಾರಿ

ಈ ಪದವನ್ನು ಬೈಗುಳವಾಗಿ ಕೇಳಿ ಬೆಳೆದವರೇ ನಾವೆಲ್ಲ. 'ಅಲೆಮಾರಿ ಥರ ತಿರುಗ್ಬೇಡ.' ಈಗ ಅದೇ ಪದವನ್ನು ಹೆಮ್ಮೆಯಿಂದ ಹೊತ್ತು ಬೀದಿಗಿಳಿದ ಜನ ಇದ್ದಾರೆ.

ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಿರುಗಾಡುವ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳು ಅಂತ ನೋಂದಾಯಿಸಿತು. ಹಾಜರಿ ಹಾಕಬೇಕು, ಪಾಸ್ ಇಲ್ಲದೆ ಹೊರಗೆ ಕಾಲಿಡಬಾರದು. ಮುಂಬೈ ಪ್ರಾಂತದ ಹುಬ್ಬಳ್ಳಿ, ಗದಗಗಳಲ್ಲಿ ಅವರನ್ನು ಕೂಡಿಹಾಕಿದ ಜಾಗಗಳಿಗೆ ಇವತ್ತಿಗೂ ಜನ 'ಸೆಟ್ಲಮೆಂಟ್' ಅಂತಲೇ ಕರೀತಾರೆ. ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ, ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಆಗಿನಿಂದ ಅವರ ಹೆಸರು 'ವಿಮುಕ್ತ'. ಆದರೆ ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ 'ಅಲೆಮಾರಿ ಬುಡಕಟ್ಟಿನವನು' ಅನ್ನೋದು ಕೈದಿಯನ್ನು ರೂಢಿಗತ ಅಪರಾಧಿ ಎನ್ನಲು ಸಾಕಾಗುವ ಗುಣವಾಗಿ ಉಳಿದೇ ಇತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು.

ಕರ್ನಾಟಕದ ಒಳಮೀಸಲಾತಿಯ ವಿಷಯ ನಿಮಗೆ ಗೊತ್ತೇ ಇದೆ. ನ್ಯಾ. ಎಚ್.ಎನ್. ನಾಗಮೋಹನ ದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಕೊಡಿ ಅಂದಿತ್ತು. 2025ರ ಆಗಸ್ಟ್ 19ರಂದು ಸಚಿವ ಸಂಪುಟ 6-6-5 ಸೂತ್ರ ಒಪ್ಪಿ, ಆ 59ನ್ನೂ ಬೋವಿ, ಲಂಬಾಣಿ, ಕೊರಮ, ಕೊರಚರ ಜೊತೆ ಶೇ 5ರ ಗುಂಪಿಗೆ ಸೇರಿಸಿತು. ಸುಡುಗಾಡು ಸಿದ್ಧ, ಹಂದಿಜೋಗಿ, ದಕ್ಕಲಿಗರಂಥ ಸಮುದಾಯಗಳು ಫ್ರೀಡಂ ಪಾರ್ಕಿನಲ್ಲಿ ಕೂತಿದ್ದು ಅದಕ್ಕೆ. ಸಂಖ್ಯೆ ಕಡಿಮೆ, ಒಂದು ಕ್ಷೇತ್ರದಲ್ಲೂ ಗೆಲ್ಲಿಸುವ-ಸೋಲಿಸುವ ಬಲ ಇಲ್ಲ. ಒಂದೇ ಊರಲ್ಲಿ ನೆಲೆ ನಿಲ್ಲದ ಜನರಿಗೆ ವೋಟ್ ಬ್ಯಾಂಕ್ ಆಗೋಕೂ ಆಗಲ್ಲ.

ಇಲ್ಲಿ ಹೆಳವರ ಬಗ್ಗೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬೆಳಗಾವಿ ಕಡೆಯ ಈ ಅಲೆಮಾರಿಗಳು ಎತ್ತಿನ ಜೊತೆ ಊರೂರು ತಿರುಗಿ, ಮನೆ ಮುಂದೆ ನಿಂತು ಆ ಮನೆತನದ ವಂಶಾವಳಿ ಹೇಳ್ತಾರೆ. ನಿಮ್ಮ ಮುತ್ತಜ್ಜ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾರು ಎಲ್ಲಿಗೆ ಹೋದರು, ಎಲ್ಲ ಅವರ ಬಾಯಲ್ಲಿ, ಅವರ ಕಡತದಲ್ಲಿ. ನೆಲೆ ನಿಂತವರ ದಾಖಲೆ ಕಾಪಾಡಿದ್ದು ನೆಲೆ ಇಲ್ಲದವರು. ಮತ್ತೆ ಆ ವಂಶಾವಳಿ ಕೇಳಿದರೆ ಇನ್ನೊಂದೂ ತಿಳಿಯುತ್ತೆ: ನಾವು ಯಾರೂ ಮೂಲದಿಂದ ಅಲ್ಲೇ ಇದ್ದವರಲ್ಲ.

ತಾಂಡಾ

ತಾಂಡಾ ಅಂದ್ರೆ ಮೊದಲು ಊರಲ್ಲ, ಚಲಿಸುವ ಸಾಲು. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೊತ್ತು ಲಂಬಾಣಿಗರು ದೇಶದ ಉದ್ದಗಲ ಸಾಗುತ್ತಿದ್ದ ಪಯಣದ ಗುಂಪು. ಮೊಘಲರ ಸೈನ್ಯಕ್ಕೂ ಅವರದೇ ಧಾನ್ಯ, ಟಿಪ್ಪು ವಿರುದ್ಧ ಬಂದ ಕಾರ್ನ್‌ವಾಲಿಸ್ ಸೈನ್ಯಕ್ಕೂ ಅವರದೇ ಧಾನ್ಯ. ರೈಲು ಬಂತು, ಹೇರೆತ್ತಿನ ವ್ಯಾಪಾರ ನಿಂತಿತು, ತಾಂಡಾ ಗುಡ್ಡದ ಪಕ್ಕ ಕೂತಿತು. ಕೂತ ಮೇಲೂ ಅದು ಬಹಳ ಕಾಲ ಕಾಗದದಲ್ಲಿ ಊರಾಗಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚುವ ಹೊತ್ತಿಗೆ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ 1,475 ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಲಾಗಿತ್ತು. ಅದೇ ತಾಂಡಾಗಳ ಜನ ಇವತ್ತು ಮುಂಬೈ, ಗೋವಾಕ್ಕೆ ಗುಳೆ ಹೋಗುತ್ತಿದ್ದಾರೆ.

ಹೋದಾಗ ಜಾತಿ ಜೊತೆಗೆ ಬರಲ್ಲ. ಅವಮಾನ ಬರುತ್ತೆ, ಸರ್ಟಿಫಿಕೇಟ್ ಬರಲ್ಲ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣ-ಆಂಧ್ರದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದು ರಾಜ್ಯದ ಮೀಸಲಾತಿ ಇನ್ನೊಂದಕ್ಕೆ ಒಯ್ಯುವಂತಿಲ್ಲ ಅಂತ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊಟ್ಟ ಹೆಣ್ಣು

2011ರ ಜನಗಣತಿ ಪ್ರಕಾರ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರು. ಇದರಲ್ಲಿ ಸುಮಾರು ಮೂರನೇ ಎರಡು ಭಾಗ ಮಹಿಳೆಯರು, ಅವರಲ್ಲಿ ಹೆಚ್ಚಿನವರ ಕಾರಣ ಮದುವೆ. ಅಂದ್ರೆ ಈ ದೇಶದ ಅತಿ ದೊಡ್ಡ ವಲಸೆ ದಿಬ್ಬಣದ ಬಸ್ಸಿನಲ್ಲಿ ನಡೆಯುತ್ತೆ. ಆದರೆ ಅವಳನ್ನು ಯಾರೂ ವಲಸಿಗಳು ಅನ್ನಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಅನ್ನೋ ಗಾದೆ ಕೇಳಿದ್ದೀರಿ. ವ್ಯಾಕರಣ ನೋಡಿ: ಅವಳು ಹೋಗಲ್ಲ, ಅವಳನ್ನು ಕೊಡ್ತಾರೆ. ಚರಾಸ್ತಿಯ ವಾಕ್ಯರಚನೆ ಅದು.

ಮತದಾರರ ಪಟ್ಟಿಯ ಪರಿಷ್ಕರಣೆಯಲ್ಲಿ ಈ ಗಾದೆ ಉಲ್ಟಾ ಹೊಡೀತು. ಬಿಹಾರದಲ್ಲಿ 2003ರ ಪಟ್ಟಿಯಲ್ಲಿ ಇಲ್ಲದವರು ತಂದೆ-ತಾಯಿಯ ಹೆಸರು ಅದರಲ್ಲಿದೆ ಅಂತ ತೋರಿಸಬಹುದಿತ್ತು. ಗಂಡ, ಅತ್ತೆ-ಮಾವನ ಹೆಸರು ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ ಊರಲ್ಲಿ ವೋಟು ಉಳಿಸಿಕೊಳ್ಳೋಕೆ ತವರಿನ ಪಟ್ಟಿಯ ಪುಟ ಹುಡುಕಬೇಕಾಯ್ತು.

ಸಾಮಾನ್ಯ ನಿವಾಸಿ

ಈ ಪದಕೋಶದಲ್ಲಿ ಒಂದೇ ಒಂದು ಪದ ನೆನಪಿಟ್ಟುಕೊಳ್ಳೋದಾದ್ರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಹೆಸರು ಯಾವ ಪಟ್ಟಿಯಲ್ಲಿರಬೇಕು ಅನ್ನೋದನ್ನು ತೀರ್ಮಾನಿಸೋದು ಇದೇ. 1950ರ ಜನಪ್ರಾತಿನಿಧ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಮತದಾರ ಆ ಕ್ಷೇತ್ರದ 'ಸಾಮಾನ್ಯ ನಿವಾಸಿ' ಆಗಿರಬೇಕು. ಹಾಗಂದ್ರೇನು? 20ನೇ ಕಲಮು ನೇರವಾಗಿ ಹೇಳಲ್ಲ, ಏನಲ್ಲ ಅಂತ ಹೇಳುತ್ತೆ. ಮನೆ ಇದ್ದ ಮಾತ್ರಕ್ಕೆ ನೀವು ಅಲ್ಲಿನ ಸಾಮಾನ್ಯ ನಿವಾಸಿ ಅಲ್ಲ. ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಆ ಸ್ಥಾನ ಹೋಗೋದೂ ಇಲ್ಲ, ಇದು 20(1ಎ). ಇದರ ಪಕ್ಕದ 20(1ಬಿ), ಸಂಸದರು-ಶಾಸಕರು ತಮ್ಮ ಕರ್ತವ್ಯಕ್ಕಾಗಿ ಎಷ್ಟು ಹೊರಗಿದ್ದರೂ ಅವರ ನಿವಾಸ ಹೋಗಲ್ಲ ಅಂತ ಖಾತ್ರಿ ಕೊಡುತ್ತೆ. ಸೈನಿಕರಿಗೆ ಅಂಚೆ ಮತ ಇದೆ. 2010ರ ತಿದ್ದುಪಡಿಯಿಂದ ವಿದೇಶದಲ್ಲಿರುವ ಭಾರತೀಯರೂ ಪಾಸ್‌ಪೋರ್ಟಿನ ವಿಳಾಸದ ಮೇಲೆ ಪಟ್ಟಿಗೆ ಸೇರಬಹುದು, ಬಂದು ವೋಟು ಹಾಕಬೇಕು ಅಷ್ಟೇ. ದುಬೈನಲ್ಲಿರುವವನು ಊರಿನ ಪಟ್ಟಿಯಲ್ಲಿ ಉಳೀತಾನೆ. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನು ಉಳಿಯೋಕೆ ತಾನು 'ತಾತ್ಕಾಲಿಕ' ಅಂತ ಯಾರನ್ನಾದರೂ ಒಪ್ಪಿಸಬೇಕು.

ಪರಿಹಾರದ ಒಂದು ಪ್ರಯತ್ನ ಆಗಿತ್ತು. 2022ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗ, ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ತೆಗೆದುಕೊಳ್ಳಬಲ್ಲ ಯಂತ್ರದ ಮಾದರಿ ತಯಾರಾಗಿದೆ ಅಂದಿತು. 2023ರ ಜನವರಿ 16ರಂದು ಪಕ್ಷಗಳನ್ನು ಕರೆದು ಮಾತಾಡಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗ ಅಂದ್ರೆ ಯಾರು, ಎಷ್ಟು ಜನ ಅಂತ ಮೊದಲು ಹೇಳಿ ಅನ್ನೋದು ಅವರ ಪ್ರಶ್ನೆಗಳಲ್ಲಿ ಒಂದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಲೆಕ್ಕ ಹಾಕಿ ತನ್ನಿ ಅಂತ ಆಮೇಲೆ ಪಟ್ಟು ಹಿಡಿದವರು ಕಾಣೆ.

ಸದ್ಯಕ್ಕೆ ಇರುವ ದಾರಿ ಎರಡೇ. ಇರುವ ಊರಲ್ಲೇ ವೋಟು ಬೇಕು ಅಂದ್ರೆ ನಮೂನೆ 8 ತುಂಬಿ ವಿಳಾಸ ಬದಲಿಸಬೇಕು. ಅದಕ್ಕೆ ವಿಳಾಸದ ಪುರಾವೆ ಬೇಕು, ಶೆಡ್ಡಿಗೆ ಬಾಡಿಗೆ ಕರಾರು ಮಾಡಿಕೊಡುವ ಮಾಲೀಕ ಸಿಗಬೇಕು. ಊರಿನ ಪಟ್ಟಿಯಲ್ಲೇ ಉಳಿಯಬೇಕು ಅಂದ್ರೆ, ಪರಿಷ್ಕರಣೆಗೆ ಬಂದ ಬಿಎಲ್‌ಒ ಮುಂದೆ ಮನೆಯಲ್ಲಿರುವ ಅವ್ವನೋ ತಮ್ಮನೋ 'ದುಡಿಯಾಕ ಹೋಗ್ಯಾನ, ಬರ್ತಾನ' ಅಂತ ಹೇಳಿ, ಅರ್ಜಿಗೆ ಸಹಿ ಹಾಕಿ, ಸ್ವೀಕೃತಿ ಇಸ್ಕೊಳ್ಳಬೇಕು. 20(1ಎ) ಹೇಳೋದೂ ಅದನ್ನೇ.